ಮಧ್ಯಾಹ್ನದ ಸೊನ್ನೆ

ಏಪ್ರಿಲ್ 3, ಗುರುವಾರ

ಈ ಪುಸ್ತಕ ಯಾರ ಕೈಗೂ ಸಿಗಬಾರದು. ಸಿಕ್ಕರೆ, ಸಿಕ್ಕವರ ಮೇಲೂ ನನಗೆ ಅನುಮಾನವಿದೆ ಅನ್ನುವುದು ಅವರಿಗೆ ಮೊದಲ ಸಾಲಿನಲ್ಲೇ ತಿಳಿಯಲಿ.

ಹನ್ನೊಂದು ತಿಂಗಳಿಂದ ನಮ್ಮ ಓಶ್ ನಗರದ ನೆಲಸಾರಿಗೆಯನ್ನೆಲ್ಲ ಒಂದೇ ನಕ್ಷೆಗೆ ಇಳಿಸುತ್ತಿದ್ದೇನೆ. ಟ್ರಾಲಿಬಸ್ಸು, ಬಸ್ಸು, ಟ್ಯಾಕ್ಸಿ, ಸೈಕಲ್ಲು, ಕೊನೆಗೆ ಕಾಲು. ಎಲ್ಲಕ್ಕೂ ಒಂದೇ ಟಿಕೆಟ್ಟು, ಒಂದೇ ವೇಳಾಪಟ್ಟಿ. ಕೈ ಅಡ್ಡ ಹಿಡಿದಲ್ಲೆಲ್ಲ ನಿಲ್ಲುವ ಮಾರ್ಷ್ರುಟ್ಕಾ ವ್ಯಾನುಗಳು ಸೆಪ್ಟೆಂಬರಿನಿಂದ ಬಂದ್. ಊರು ಮಾತ್ರ ನಾನು ಗೆರೆ ಎಳೆಯುವುದಕ್ಕಿಂತ ಜೋರಾಗಿ ಬೆಳೆಯುತ್ತಿದೆ. ಬೆಳಿಗ್ಗೆ ಖಾಲಿ ಗುಡ್ಡ ಎಂದು ಹಳದಿ ಬಳಿದರೆ ಸಂಜೆ ಅಲ್ಲಿ ಹೊಗೆ ಕೊಳವೆ ಎದ್ದಿರುತ್ತದೆ.

ಎಲ್ಲ ಕಡೆಗೂ ಎಲ್ಲ ಹೊತ್ತೂ ಬಸ್ಸು ಬಿಡಲಾಗದು. ಹಾಗಾಗಿ ಒಂದು ನಿಯಮ: ಮಧ್ಯಾಹ್ನ ಹನ್ನೆರಡರಿಂದ ಎರಡರೊಳಗೆ ಯಾವ ನಿಲ್ದಾಣದಲ್ಲಿ ನಲವತ್ತು ಜನ ಹತ್ತುವುದಿಲ್ಲವೋ, ಅಲ್ಲಿಗೆ ಮಧ್ಯಾಹ್ನ ಬಸ್ಸಿಲ್ಲ. ನಿಯಮ ಬರೆದವನು ನಾನೇ. ಚೊಕ್ಕವಾಗಿದೆ ಎಂದು ಎಲ್ಲರೂ ಹೊಗಳಿದ್ದರು. ಯಾಕೆ ಹೊಗಳಿದರೋ.

ಇವತ್ತು ಮೂವತ್ತೆರಡನೆಯ ಮಾರ್ಗದ ಗಣತಿ ಹಾಳೆಗಳು ಬಂದವು. ಕೊನೆಯ ನಿಲ್ದಾಣ ಕೊಕ್-ದೊಬೊ, ಗುಡ್ಡದ ಮೇಲಿನ ಹೊಸ ಬಡಾವಣೆ. ಬೆಳಿಗ್ಗೆ ಏಳಕ್ಕೆ ತೊಂಬತ್ತು ಜನ, ಎಂಟಕ್ಕೆ ಎಪ್ಪತ್ತೊಂದು. ಸಂಜೆಯೂ ಚೆನ್ನಾಗಿದೆ. ಹನ್ನೆರಡರಿಂದ ಎರಡು: ಸೊನ್ನೆ. ಮಾರನೆಯ ದಿನ ಸೊನ್ನೆ. ಮೂರನೆಯ ದಿನವೂ ಸೊನ್ನೆ. ಮೂರೂ ಸಾಲಾಗಿ ಕೂತು ನನ್ನನ್ನೇ ಮಿಕಮಿಕ ನೋಡುತ್ತಿವೆ.

ಇಲ್ಲಿನ ಶಾಲೆಗಳಲ್ಲಿ ಜಾಗ ಸಾಲದೆ ಅರ್ಧ ಮಕ್ಕಳಿಗೆ ಪಾಠ ಶುರುವಾಗುವುದೇ ಮಧ್ಯಾಹ್ನ ಒಂದಕ್ಕೆ. ಕೊಕ್-ದೊಬೊದಲ್ಲಿ ಶಾಲೆಯೇ ಇಲ್ಲ. ಹಾಗಾದರೆ ಅಲ್ಲಿನ ಎರಡನೆಯ ಪಾಳಿಯ ಮಕ್ಕಳು ಶಾಲೆಗೆ ಹಾರಿಕೊಂಡು ಹೋಗುತ್ತಾರೆಯೆ? ಯಾರೋ ಅವರನ್ನು ಹಾಳೆಯಿಂದ ಒರೆಸಿದ್ದಾರೆ. ಗಣತಿಯಲ್ಲಿದ್ದವರನ್ನು ನಗಣ್ಯ ಮಾಡಿದ್ದಾರೆ. ವ್ಯಾನಿನವರ ಸಂಘವಿರಬಹುದು. ಬಸ್ಸು ಇಲ್ಲದ ಹೊತ್ತಿನಲ್ಲಿ ಕದ್ದು ವ್ಯಾನು ಓಡಿಸಬಹುದಲ್ಲ.

ಸೊನ್ನೆ ಹೀಗೇ ಉಳಿದರೆ ಆ ಮಕ್ಕಳು ಹೆದ್ದಾರಿಯ ಅಂಚಿನಲ್ಲಿ ಐದು ಕಿಲೋಮೀಟರು ನಡೆಯಬೇಕು. ನಡೆಯುವವರು ಪಾದಚಾರಿ ವಿಭಾಗಕ್ಕೆ ಸೇರಿದವರು, ಅದು ಅವರ ತಲೆನೋವು. ನನ್ನ ಅಂಕಿಗೆ ಕೈ ಹಾಕಿದವರು ಯಾರು ಅನ್ನುವುದು ನನ್ನದು. ಇಪ್ಪತ್ತೊಂಬತ್ತಕ್ಕೆ ಯೋಜನೆಗೆ ಸಹಿ. ಅಷ್ಟರೊಳಗೆ ಹಿಡಿಯಬೇಕು.

ಏಪ್ರಿಲ್ 4, ಶುಕ್ರವಾರ

ಹಾಳೆಗಳ ಮೇಲೆ ಜಿಡ್ಡಿನ ಕಲೆ! ಮೂರೂ ದಿನದ ಹಾಳೆಯಲ್ಲಿ, ಸರಿಯಾಗಿ ಸೊನ್ನೆಯ ಪಕ್ಕದಲ್ಲಿ, ಹೆಬ್ಬೆಟ್ಟಿನಗಲ. ವ್ಯಾನಿನ ಎಂಜಿನ್ ಎಣ್ಣೆ ಇರಬೇಕು ಎಂದು ಮೂಸಿದೆ. ಎಂಜಿನ್ ವಾಸನೆ ಬರಲಿಲ್ಲ. ಕಳ್ಳರು ಜಾಣರು.

ಮನೆಗೆ ತಂದು ಐಚುರೋಕ್‌ಗೆ ಮೂಸಲು ಕೊಟ್ಟೆ. ಕಟ್ಟಿಕೊಂಡ ಹೆಂಡತಿಯಾದರೂ ಮೂಗು ಪಕ್ಷಪಾತವಿಲ್ಲದ್ದು.

"ಕುರಿ ಕೊಬ್ಬು. ಜೀರಿಗೆ. ಗಜ್ಜರಿ ಚೆನ್ನಾಗಿ ಬಾಡಿಸಿದಾರೆ," ಅಂದಳು. "ಹನ್ನೊಂದು ತಿಂಗಳಲ್ಲಿ ನಿಮ್ಮ ಯೋಜನೆಯಲ್ಲಿ ಬಾಯಲ್ಲಿ ನೀರೂರಿಸಿದ ಪುಟ ಇದೊಂದೇ ನೋಡಿ."

"ಇದು ಸಾಕ್ಷಿ ಕಣೆ."

"ಪಲಾವು ರೀ."

ನಾನು ಓದಿದ್ದು ಸಂಖ್ಯಾಶಾಸ್ತ್ರ. ಇವಳು ಅದನ್ನು ಶಂಕಾಶಾಸ್ತ್ರ ಅನ್ನುತ್ತಾಳೆ.

ಜೈನಾಗುಲ್ ಮೇಲೆ ಕಣ್ಣಿಡಬೇಕು. ಗಣತಿಯ ಮುಖ್ಯಸ್ಥೆ ಆಕೆಯೇ. ನಿಲ್ದಾಣಗಳಲ್ಲಿ ನಿಂತು ಎಣಿಸಲು ಆಕೆ ನೇಮಿಸಿದ್ದು ನಿವೃತ್ತ ಶಿಕ್ಷಕಿಯರನ್ನು, ಎಲ್ಲರೂ ಆಕೆಗೆ ಪಾಠ ಹೇಳಿದವರೇ. ಒಳ್ಳೆಯ ಜಾಲ. ಇವತ್ತು ಬೇರೆ ಬುಟ್ಟಿ ತುಂಬ ಬೊರ್ಸೋಕ್, ನಮ್ಮ ಹಿಟ್ಟಿನ ತುಂಡುಗಳು, ಕರಿದು ತಂದು ಮೇಜು ಮೇಜಿಗೆ ಹಂಚುತ್ತಿದ್ದಳು.

"ಬೈಕೆ, ತಗೊಳ್ಳಿ, ಇನ್ನೂ ಬಿಸಿ ಇದೆ."

ಅಣ್ಣ ಎಂದು ಕರೆದೇ ಶುರು ಮಾಡುತ್ತಾಳೆ. "ಯಾಕೆ ಕೊಡ್ತಿದೀಯ?" ಅಂದೆ.

"ಯಾಕೆ ಅಂದ್ರೆ? ತಿನ್ನೋಕೆ."

"ಅಷ್ಟೇನಾ?"

"ಇನ್ನೇನು ಬೈಕೆ, ನಕ್ಷೆ ಮೇಲೆ ಅಂಟಿಸೋಕಾ?"

ಬೆರಳಿಗೆ ಜಿಡ್ಡು ಅಂಟುತ್ತದೆಯೇ ಎಂದು ಪರೀಕ್ಷಿಸಲು ಒಂದು ತೆಗೆದುಕೊಂಡೆ. ಅಂಟಿತು. ಖಾತ್ರಿಗೆ ಇನ್ನು ಮೂರು. ಆಮೇಲೆ ನೋಡಿದರೆ ಸಾಕ್ಷ್ಯವೆಲ್ಲ ಖಾಲಿ.

ಏಪ್ರಿಲ್ 8, ಮಂಗಳವಾರ

ಒಂಬತ್ತು ವರ್ಷದ ಮೇಲೆ ವ್ಯಾನು ಹತ್ತಿದೆ. ಕಾರಿನಲ್ಲಿ ಹೋದರೆ ಪತ್ತೆ ಕೆಲಸ ಆಗದು, ನಂಬರು ನೋಡಿ ಎಚ್ಚರವಾಗುತ್ತಾರೆ. ಹನ್ನೊಂದೂವರೆಗೆ ಕಚೇರಿ ಮುಂದೆ ಮೂವತ್ತೆರಡನೆಯ ವ್ಯಾನು. ಹದಿನಾಲ್ಕು ಸೀಟು, ಇಪ್ಪತ್ತಾರು ಜನ. ನಕ್ಷೆಯಲ್ಲಿ ಇದು ಅಂಗುಲದಗಲದ ಕೆಂಪು ಗೆರೆ. ಒಳಗೆ ಕೂತರೆ ಯಾರದೋ ಮೊಣಕೈ.

ಕೂತ ಎರಡೇ ನಿಮಿಷಕ್ಕೆ ಹಿಂದಿನಿಂದ ಒಂದು ಕೈ ನನ್ನ ಭುಜ ತಟ್ಟಿ ನೋಟು ಚಾಚಿತು. "ತಗೊಳ್ಳಿ ಬೈಕೆ." ಇಷ್ಟು ಬೇಗ ಲಂಚವೆ!

"ಯಾತಕ್ಕೆ ಇದು?" ಅಂದೆ, ಗಟ್ಟಿಯಾಗಿ, ಎಲ್ಲರಿಗೂ ಕೇಳಲಿ ಅಂತ.

"ಟಿಕೆಟ್ಟಿಗೆ ಸ್ವಾಮಿ. ಮುಂದೆ ದಾಟಿಸಿ."

ಇಡೀ ವ್ಯಾನು ನಕ್ಕಿತು. ಮರೆತೇ ಹೋಗಿತ್ತು, ಹಿಂದಿನವರ ದುಡ್ಡು ಕೈಯಿಂದ ಕೈಗೆ ಚಾಲಕನವರೆಗೆ ಹೋಗಿ ಚಿಲ್ಲರೆ ಹಾಗೆಯೇ ವಾಪಸು ಬರುತ್ತದೆ. ಚಾಲಕ ತಾಶ್ಮಾಮತ್ ಕನ್ನಡಿಯಲ್ಲಿ ನೋಡಿ, "ಹೊಸಬರಾ? ಕೂತ್ಕೊಳ್ಳೋ ಕೆಲಸ ಪುಕ್ಕಟೆ, ದಾಟಿಸೋ ಕೆಲಸ ಕಡ್ಡಾಯ," ಅಂದ. ಇವನ ಹೆಸರು ಬರೆದುಕೊಂಡಿದ್ದೇನೆ.

ಹನ್ನೆರಡಕ್ಕೆ ಕೊಕ್-ದೊಬೊ. ಇಟ್ಟಿಗೆ ರಾಶಿಯ ಹಿಂದೆ ನಿಂತೆ. ಹನ್ನೆರಡೂಕಾಲಿಗೆ ಮಕ್ಕಳು, ಬಿಳಿ ರಿಬ್ಬನ್ನು, ದೊಡ್ಡ ಚೀಲ. ಹಿಂದೆ ಆಸ್ಪತ್ರೆಗೆ ಹೊರಟ ಮುದುಕಿಯರು. ಎರಡರೊಳಗೆ ಅರವತ್ತೆರಡು ಜನ ಹತ್ತಿದರು. ಅರವತ್ತೆರಡು! ಹಾಳೆಯಲ್ಲಿ ಸೊನ್ನೆ.

ಅಂದರೆ ಕಳ್ಳತನ ಖಂಡಿತ.

ಏಪ್ರಿಲ್ 10, ಗುರುವಾರ

ತಾಶ್ಮಾಮತ್‌ನ ಪಕ್ಕದ ಸೀಟು ಹಿಡಿದು ಬಾಯಿ ಬಿಡಿಸಲು ನೋಡಿದೆ. ಮಧ್ಯಾಹ್ನದ ಜನವನ್ನು ಮುಚ್ಚಿಟ್ಟರೆ ವ್ಯಾನಿನವರಿಗೆ ಲಾಭ ಅಲ್ಲವೆ, ಅಂದೆ, ಸುಮ್ಮನೆ ಹವಾಮಾನ ಕೇಳಿದ ಹಾಗೆ.

"ನಾವ್ಯಾಕಣ್ಣ ಮುಚ್ಚಿಡೋಣ? ಸೆಪ್ಟೆಂಬರಿಗೆ ವ್ಯಾನು ಹೋಗುತ್ತೆ. ಮಧ್ಯಾಹ್ನದ ಬಸ್ಸು ಉಳಿದ್ರೆ ಅದರ ಸ್ಟೀರಿಂಗ್ ನಂಗೆ ಅಂತ ಹೆಸರು ಬರೆಸಿದೀನಿ. ಸೊನ್ನೆ ಬಂದ್ರೆ ನಾನೂ ಸೊನ್ನೆ." ಆಮೇಲೆ ಓರೆಗಣ್ಣಲ್ಲಿ, "ನೀವು ಯಾವ ಇಲಾಖೆ? ದಿನಾ ಬರ್ತೀರಿ, ಇಟ್ಟಿಗೆ ಹಿಂದೆ ನಿಲ್ತೀರಿ, ವಾಪಸ್ ಹೋಗ್ತೀರಿ. ಯಾರದಾದ್ರೂ ಹುಡುಗಿ ನೋಡೋಕೆ ಬಂದಿದೀರಾ? ಮಗನಿಗಾ?"

"ಇಟ್ಟಿಗೆ ವ್ಯಾಪಾರ," ಅಂದೆ.

"ರೇಟು ಹೇಳಿ ಮತ್ತೆ!" ಅಂತ ಹಿಂದಿನಿಂದ ನಾಲ್ಕು ದನಿ. ಬಡಾವಣೆಯಲ್ಲಿ ಎಲ್ಲರೂ ಮನೆ ಕಟ್ಟಿಸುತ್ತಿದ್ದಾರೆ ಎಂಬುದು ಹೊಳೆಯಲಿಲ್ಲ. ಇಳಿಯುವವರೆಗೂ ಚೌಕಾಸಿ.

ಏಪ್ರಿಲ್ 11, ಶುಕ್ರವಾರ

ಹಲ್ಲುನೋವು. ಅನುಮಾನವೂ ಮಂದ.

ಏಪ್ರಿಲ್ 15, ಮಂಗಳವಾರ

ವಾಪಸು ಬರುವಾಗ ಒಬ್ಬಳು ತಾಯಿ ಕೇಳದೆ ಹೇಳದೆ ಮಗಳನ್ನು ನನ್ನ ತೊಡೆಯ ಮೇಲೆ ಇಟ್ಟು, "ಶಾಲೆ ಹತ್ರ ಇಳಿಸ್ಬಿಡಿ ಬೈಕೆ," ಎಂದು ತಾನು ಕೆಳಗೇ ಉಳಿದಳು. ಕೂತವರ ತೊಡೆ ಇಲ್ಲಿ ಸಾರ್ವಜನಿಕ ಆಸ್ತಿ. ಹುಡುಗಿ ಅಕ್ಮಾರಲ್, ಎರಡನೆಯ ತರಗತಿ. ಮುಂದಿನ ಎರಡು ಹಲ್ಲಿಲ್ಲ.

"ನೀವು ಇಟ್ಟಿಗೆ ಮಾಮನಾ?"

ಹೂಂ ಅಂದೆ. ಗುರುತು ಬಿಟ್ಟುಕೊಡಬಾರದಲ್ಲ.

"ಹಂಗಾದ್ರೆ ಮೂರು ಸಾಲು, ಸಾಲಿಗೆ ಎಂಟು ಇಟ್ಟಿಗೆ, ಎಷ್ಟು?"

ಮನೆಲೆಕ್ಕ ನನ್ನಿಂದಲೇ ಮಾಡಿಸಿಕೊಳ್ಳುವ ಹುನ್ನಾರ. ಇಷ್ಟು ಚಿಕ್ಕವರಿಂದಲೂ ಹುಷಾರಾಗಿರಬೇಕು. ಆದರೂ ಅವಳು ಇಪ್ಪತ್ತಾರು ಎಂದು ಬರೆದದ್ದನ್ನು ನೋಡಿಕೊಂಡು ಸುಮ್ಮನಿರಲು ಆಗಲಿಲ್ಲ. ಶಾಲೆಯ ಗೇಟಿನವರೆಗೂ ತಿದ್ದಿದ್ದಾಯಿತು. ಗೇಟು ನಿಲ್ದಾಣದಿಂದ ಇನ್ನೂರು ಮೀಟರು. ಮಧ್ಯೆ ಹೆದ್ದಾರಿ ದಾಟಬೇಕು. ಲಾರಿಗಳು ಒಂದೂ ನಿಧಾನ ಮಾಡುವುದಿಲ್ಲ. ಪಾದಚಾರಿ ವಿಭಾಗದವರಿಗೆ ಒಂದು ಕಟುವಾದ ಪತ್ರ ಬರೆದೆ. ಎರಡು ಪುಟ ಆಯಿತು.

ಏಪ್ರಿಲ್ 17, ಗುರುವಾರ

ಹಿಡಿದೆ! ಹಿಡಿದೆ ಅಂತಲೇ ಅಂದುಕೊಂಡಿದ್ದೆ.

ವ್ಯಾನಿನಲ್ಲಿ ತುರ್ಸುನಾಯ್ ಎಜೆ ಇದ್ದರು. ನಿವೃತ್ತ ಭೂಗೋಳ ಶಿಕ್ಷಕಿ, ಊರಿಗೆಲ್ಲ ಎಜೆ, ಅಂದರೆ ಅಕ್ಕ. ಕೊಕ್-ದೊಬೊದಲ್ಲಿ ಮೂರು ದಿನ ನಿಂತು ಎಣಿಸಿ ಮೂರು ಸೊನ್ನೆ ಬರೆದ ಮಹಾತಾಯಿ. ಗಣತಿ ಮುಗಿದು ತಿಂಗಳಾಗಿದೆ, ಮತ್ತೆ ಇಲ್ಲೇನು ಕೆಲಸ? ಮಡಿಲಲ್ಲಿ ಬಟ್ಟೆ ಮುಚ್ಚಿದ ಗಂಟು. ಇಳಿದವರು ನೇರ ನಿಲ್ದಾಣದ ಎದುರಿನ ನೀಲಿ ಗೇಟಿನೊಳಗೆ ಹೋದರು. ಪಾಲು ಹಂಚಿಕೆ! ನಾನು ಇಟ್ಟಿಗೆಯ ಹಿಂದಿನಿಂದ ಕತ್ತು ಚಾಚಿದೆ.

"ಇಟ್ಟಿಗೆ ಹಿಂದೆ ಇರೋರೇ!" ಗೇಟಿನಿಂದ ಹೆಂಗಸಿನ ಕಂಚಿನ ಕಂಠ. "ಒಂದು ವಾರದಿಂದ ನೋಡ್ತಿದೀನಿ, ಇವತ್ತೂ ಉಪವಾಸ ಹೋಗ್ತೀರಾ? ನನ್ನ ಮಾನ ತೆಗೀಬೇಕು ಅಂತಿದೀರಾ? ಬನ್ನಿ ಒಳಗೆ!"

ಮನೆಯೊಡತಿ ಬುಬುಸರಾ ಅಪಾ, ಬೀದಿಗೆಲ್ಲ ಅಮ್ಮ. ಎಪ್ಪತ್ತು ದಾಟಿದೆ, ಹಿಡಿತ ಕುಸ್ತಿಪಟುವಿನದು. ತೋಳು ಹಿಡಿದು ಎಳೆದುಕೊಂಡು ಹೋಗಿ ದಸ್ತರ್ಖಾನಿನ ಮುಂದೆ, ಗೌರವದ ಜಾಗದಲ್ಲೇ ಕೂರಿಸಿದರು. ಹಾಸಿದ ಬಟ್ಟೆಯ ತುಂಬ ರೊಟ್ಟಿ, ಕೆನೆ, ಮಧ್ಯೆ ಪಲಾವಿನ ಬೆಟ್ಟ. ತುರ್ಸುನಾಯ್ ಎಜೆಯ ಗಂಟು ಬಿಚ್ಚಿತು. ಒಳಗೆ ಒಂದು ಬಟ್ಟಲು, ಬಟ್ಟಲ ತುಂಬ ಒಣ ಏಪ್ರಿಕಾಟು. ಹೋದ ತಿಂಗಳು ಅಪಾ ಪಲಾವು ಕಟ್ಟಿಕೊಟ್ಟ ಬಟ್ಟಲಂತೆ. ಖಾಲಿ ಮರಳಿಸಲಾಗದೆ ತುಂಬಿಸಿ ತಂದಿದ್ದಾರೆ.

ಕಟ್ಟಿಕೊಟ್ಟ ಪಲಾವು? ನಾನು ಚಮಚ ಕೆಳಗಿಟ್ಟೆ. ನಾನು ಯಾರು ಅಂತ ಹೇಳಿದೆ. ಹಾಳೆ ತೋರಿಸಿದೆ. ಸೊನ್ನೆ ತೋರಿಸಿದೆ.

"ನಾನೇ ಬರೆದದ್ದು," ಅಂದರು ಎಜೆ, ಒಂದಿಷ್ಟೂ ಅಳುಕದೆ. "ಹನ್ನೆರಡಕ್ಕೆ ಇವರು ಊಟಕ್ಕೆ ಎಳ್ಕೊಂಡು ಬಂದ್ರು."

"ನಮ್ಮನೆ ಬಾಗಿಲಲ್ಲಿ ಒಬ್ಬ ಮೇಡಮ್ಮು ಬಿಸಿಲಲ್ಲಿ ನಿಂತು ಬರೀತಿದ್ರೆ ನಾವು ಒಳಗೆ ಕೂತು ಉಣ್ಣೋದಾ?" ಅಪಾ ನನ್ನ ತಟ್ಟೆಗೆ ಇನ್ನೊಂದು ಮೂಳೆ ಹಾಕಿದರು. "ಎರಡನೇ ದಿನ ಪಕ್ಕದ ಮನೆಯೋರು ಕರೆದ್ರು. ಮೂರನೇ ದಿನ ಅವರ ನಾದಿನಿ. ಸರದಿ."

"ಸರಿ, ಆಮೇಲೆ ಯಾರನ್ನಾದ್ರೂ ಕೇಳಿ ಅಂದಾಜು ಬರೀಬಹುದಿತ್ತಲ್ಲ ಎಜೆ?"

ತುರ್ಸುನಾಯ್ ಎಜೆ ಕನ್ನಡಕ ತೆಗೆದರು. ಮೂವತ್ತೆಂಟು ವರ್ಷ ಮಕ್ಕಳನ್ನು ನಿಲ್ಲಿಸಿ ಕೇಳಿದ ದನಿ. "ಹನ್ನೆರಡರಿಂದ ಎರಡರವರೆಗೆ ನನ್ನ ಕಣ್ಣಿಗೆ ಬಿದ್ದೋರು ಎಷ್ಟು ಜನ? ಯಾರೂ ಇಲ್ಲ. ಏನು ಬರೀಬೇಕು? ನೋಡದೆ ಇರೋದನ್ನ ಬರೆದ್ರೆ ಅದಕ್ಕೆ ಏನಂತಾರೆ ಹೇಳಪ್ಪ?"

"ಸುಳ್ಳು," ಅಂದೆ. ಎದ್ದು ನಿಂತೇ ಹೇಳಿದೆ ಅನ್ನಿಸುತ್ತದೆ.

ನಲವತ್ತು ನಿಲ್ದಾಣಗಳಲ್ಲಿ ಲಂಚಕ್ಕೆ ಬಗ್ಗದವರನ್ನು ಹುಡುಕಿ ನಿಲ್ಲಿಸಿದ್ದಳು ಜೈನಾಗುಲ್. ಊಟಕ್ಕೆ ಬಗ್ಗದವರು ಈ ಊರಿನಲ್ಲಿ ಎಲ್ಲಿಂದ ಸಿಗಬೇಕು?

ಈ ಸೊನ್ನೆಯಿಂದ ಮಧ್ಯಾಹ್ನದ ಬಸ್ಸೇ ನಿಂತುಹೋಗುತ್ತದೆ ಎಂದು ಅಪಾಗೆ ಗೊತ್ತಾದದ್ದು ನಾನು ಹೇಳಿದ ಮೇಲೆಯೇ. ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. "ನಾನು ಉಣ್ಣಿಸಿದ್ದಕ್ಕಾ?" ಅಂದರು. ಮೊಮ್ಮಗಳು ಅಕ್ಮಾರಲ್ ಚೀಲ ಏರಿಸಿಕೊಂಡು ಹೊರಟಾಗ ಗೇಟಿನವರೆಗೆ ಹೋಗಿ, ವ್ಯಾನು ತಿರುವು ದಾಟುವವರೆಗೂ ಅಲ್ಲೇ ನಿಂತಿದ್ದರು.

ಇದೆಲ್ಲ ನಾಟಕವೂ ಇರಬಹುದು. ಆದರೆ ಪಲಾವು ನಾಟಕದ್ದಲ್ಲ.

ಏಪ್ರಿಲ್ 18, ಶುಕ್ರವಾರ

ನಿರ್ದೇಶಕರ ಕೋಣೆಗೆ ಹೋಗಿ ಮರುಗಣತಿ ಬೇಕು ಎಂದೆ.

"ಕಾರಣ ಏನಂತ ಬರೀಲಿ ಕಮ್ಚಿಬೆಕ್? ಊಟ?"

"ಆತಿಥ್ಯ ಅಂತ ಬರೀರಿ."

"ಆತಿಥ್ಯ ಅಂತ ಒಂದು ಕಡೆ ಬಿಟ್ಟುಕೊಟ್ರೆ ನಾಳೆ ನಲವತ್ತು ನಿಲ್ದಾಣದೋರೂ ಕರೀತಾರೆ. ನಾವು ಯೋಜನೆ ಮಾಡೋದಲ್ಲ, ಹೊಟ್ಟೆ ಬೆಳೆಸೋದು." ಸ್ವಲ್ಪ ಹೊತ್ತು ಪೆನ್ನು ಕುಟ್ಟಿದರು. "ಸರಿ. ಇಪ್ಪತ್ತೆಂಟು, ಸೋಮವಾರ, ಒಂದೇ ಮಧ್ಯಾಹ್ನ. ನೀವೇ ನಿಂತು ಎಣಿಸಿ ನೀವೇ ಸಹಿ ಹಾಕಿ. ನಲವತ್ತಾದ್ರೆ ಬಸ್ಸು. ಮೂವತ್ತೊಂಬತ್ತಾದ್ರೆ ಇಲ್ಲ. ನಿಯಮ ನಿಮ್ಮದೇ, ನನ್ನ ಬೈಕೋಬೇಡಿ."

ಅರವತ್ತೆರಡು ಜನ ಇರುವಲ್ಲಿ ನಲವತ್ತು ಯಾವ ಲೆಕ್ಕ! ಆದರೆ ಇಷ್ಟು ಸುಲಭವಾಗಿ ಒಪ್ಪಿದರಲ್ಲ, ಯಾಕೆ?

ಏಪ್ರಿಲ್ 24, ಗುರುವಾರ

ಐಚುರೋಕ್ ಕಾರು ತೆಗೆಯಲು ಹೋದರೆ ಬ್ಯಾಟರಿ ಸತ್ತಿದೆ. ಯಾರೋ ಬೇಕೆಂದೇ ಲೈಟು ಹಾಕಿಟ್ಟಿದ್ದಾರೆ ಎಂದೆ. "ಯಾರೂ ಹಾಕಿಲ್ಲ. ಹದಿನಾರು ದಿನದಿಂದ ಯಾರೂ ಮುಟ್ಟಿಲ್ಲ," ಅಂದಳು. ಹದಿನಾರು ದಿನ ಎಣಿಸುತ್ತಾ ಕೂತಿದ್ದಳೆ? ನನ್ನ ಮೇಲೆ ನಿಗಾ ಇಟ್ಟಿದ್ದಾಳೆ.

ಏಪ್ರಿಲ್ 28, ಸೋಮವಾರ

ಇಟ್ಟಿಗೆಯ ಹಿಂದೆ ಅಲ್ಲ, ನಿಲ್ದಾಣದ ಕಂಬದ ಪಕ್ಕ ಎಲ್ಲರಿಗೂ ಕಾಣುವ ಹಾಗೆ ನಿಂತೆ. ಕೈಯಲ್ಲಿ ಹಾಳೆ, ಪೆನ್ಸಿಲ್ಲು. ಹನ್ನೆರಡಕ್ಕೆ ನೀಲಿ ಗೇಟು ತೆರೆಯಿತು.

"ಬರಲ್ಲ ಅಪಾ. ಕೈ ಮುಗೀತೀನಿ. ಇವತ್ತು ಕರೀಬೇಡಿ."

"ಕರೆಯಲ್ಲ," ಅಂದರು. ಹೋಗಿ ದಸ್ತರ್ಖಾನನ್ನೇ ಹೊತ್ತು ತಂದು ನಿಲ್ದಾಣದ ಬೆಂಚಿನ ಮೇಲೆ ಹಾಸಿದರು. "ನೀವು ಒಳಗೆ ಬಂದಿಲ್ಲ. ನಾನು ಕರೆದಿಲ್ಲ. ಇನ್ನು ತಿನ್ನಿ."

ರೊಟ್ಟಿ ಅಗಿಯುತ್ತ ಎಣಿಸಿದೆ. ಹನ್ನೆರಡೂ ಹತ್ತರ ಬಸ್ಸಿಗೆ ಹದಿನಾಲ್ಕು. ಹನ್ನೆರಡೂ ನಲವತ್ತರ ವ್ಯಾನಿಗೆ ಹದಿನಾರು. ಮೂವತ್ತೇ! ಉಳಿದ ಮಕ್ಕಳೆಲ್ಲಿ?

ಅಪಾ ತಲೆತಗ್ಗಿಸಿದರು. ಕೆಳಗಿನ ಬೀದಿಯವರ ಮಗಳ ಮದುವೆ ಕಾರಾ-ಸೂನಲ್ಲಿ. ಬೀದಿಗೆ ಬೀದಿಯೇ ಬೆಳಿಗ್ಗೆ ಎರಡು ಲಾರಿಯಲ್ಲಿ ಹೋಗಿದೆ, ಮಕ್ಕಳ ಸಮೇತ. ಹೋಗದಿದ್ದರೆ ಬೀಗರ ಮುಂದೆ ಹೆಣ್ಣಿನ ಕಡೆಯವರು ಕಮ್ಮಿ ಜನ ಅನ್ನಿಸುವುದಿಲ್ಲವೆ. ಅಲ್ಲಿಯೂ ಎಣಿಕೆ ನಡೆದಿದೆ.

ಒಂದೂ ಹತ್ತಕ್ಕೆ ಆರು. ಮೂವತ್ತಾರು.

ಆಮೇಲೆ ಯಾರೂ ಇಲ್ಲ. ಬರೀ ಬಿಸಿಲು, ಗುಡ್ಡ, ಯಾವುದೋ ಮನೆಯಲ್ಲಿ ಮೊಳೆ ಹೊಡೆಯುವ ಸದ್ದು. ಒಂದೂ ಐವತ್ತಕ್ಕೆ ತಾಶ್ಮಾಮತ್‌ನ ವ್ಯಾನು ಬಂತು, ನಮ್ಮ ಲೆಕ್ಕದ ಕೊನೆಯ ಗಾಡಿ. ಆಸ್ಪತ್ರೆಗೆ ಒಬ್ಬ ಮುದುಕ, ಜೊತೆಗೆ ಸೊಸೆ, ರೊಟ್ಟಿ ಮಾರಲು ಹೊರಟ ಒಬ್ಬಳು. ಮೂವತ್ತೊಂಬತ್ತು.

"ನಾನು ಹತ್ತಲಾ?" ಅಪಾ ಕೇಳಿದರು. "ಮುಂದಿನ ತಿರುವಲ್ಲಿ ಇಳಿದು ನಡ್ಕೊಂಡು ಬರ್ತೀನಿ."

"ನಮ್ಮತ್ತೆಗೆ ಫೋನ್ ಹೊಡೀತೀನಿ, ಐದು ನಿಮಿಷಕ್ಕೆ ಬರ್ತಾಳೆ," ಅಂದ ತಾಶ್ಮಾಮತ್. "ಇಲ್ಲೇ ಸುತ್ತಾಡ್ತಿರ್ತಾಳೆ."

"ಬೇಡ," ಅಂದೆ. "ಹೋಗೋ ಕೆಲಸ ಇರೋರು ಮಾತ್ರ. ಸುಳ್ಳು ಪ್ರಯಾಣಿಕರು ಬೇಡ."

ಅಪಾ ಬೆಂಚಿನ ಮೇಲಿನ ರೊಟ್ಟಿ ತುಣುಕುಗಳನ್ನು ಒಂದೊಂದಾಗಿ ಆರಿಸಿ ಮಡಿಲಿಗೆ ಹಾಕಿಕೊಳ್ಳತೊಡಗಿದರು. ಒಂದೂ ಐವತ್ತಮೂರು. ತಾಶ್ಮಾಮತ್ ಎಂಜಿನ್ ಆರಿಸದೆ ನನ್ನನ್ನೇ ನೋಡಿದ.

"ಏನು ಬೈಕೆ, ದಿನಾ ಇದೇ ಗಾಡೀಲಿ ಹೋಗೋರು ಇವತ್ತು ನಡ್ಕೊಂಡು ಹೋಗ್ತೀರಾ?"

ಎರಡೂವರೆಗೆ ಕಚೇರಿಯಲ್ಲಿ ಹಾಳೆ ಒಪ್ಪಿಸಬೇಕು. ಹೋಗುವ ಕೆಲಸವಂತೂ ಇದೆ. ಎಣಿಸುವವನನ್ನು ಎಣಿಸಬೇಕೋ ಬೇಡವೋ ಎಂದು ನಿಯಮದಲ್ಲಿ ಬರೆದಿಲ್ಲ. ಬರೆಯುವಾಗ ಎಣಿಸುವವನು ಬಸ್ಸಿನಲ್ಲಿ ಬರುತ್ತಾನೆ ಎಂದು ನನಗೆ ತೋಚಿರಲಿಲ್ಲ. ಹತ್ತಿದೆ. ಸೀಟು ಬೇಕಾದಷ್ಟು ಖಾಲಿಯಿದ್ದರೂ ಬಾಗಿಲ ಹತ್ತಿರವೇ ನಿಂತೆ. ಗೋಡೆಗೆ ಹಾಳೆ ಒತ್ತಿ ಒಂದು ಗೆರೆ ಎಳೆದೆ. ಹಿಂದಿನಿಂದ ಟಿಕೆಟ್ಟಿನ ದುಡ್ಡು ಬಂತು, ನನ್ನದೂ ಸೇರಿಸಿ ಮುಂದೆ ದಾಟಿಸಿದೆ.

ಏಪ್ರಿಲ್ 29, ಮಂಗಳವಾರ

ಸಹಿಗೆ ಮೊದಲು ಹಾಳೆಗಳಿಗೆ ಮುದ್ರೆ ಒತ್ತುವವಳು ಜೈನಾಗುಲ್. ಮೂವತ್ತೆರಡನೆಯ ಮಾರ್ಗದ ಹಾಳೆ ಬಂದಾಗ ಕೈ ತಡೆದಳು.

"ಸರಿಯಾಗಿ ನಲವತ್ತು. ಕೊನೆಯವರು ಯಾರು ಬೈಕೆ?"

"ಗಂಡಸು. ಐವತ್ತರ ಆಸುಪಾಸು."

"ಬಡಾವಣೆಯವರಾ?"

"ಬಡಾವಣೆಯವರಿಗೆಲ್ಲ ಪರಿಚಯ. ದಿನಾ ಓಡಾಡ್ತಾರೆ."

"ಎಲ್ಲಿ ಇಳಿದ್ರು?"

ಸುಳ್ಳು ಬರೆಯುವುದಿಲ್ಲ, ಹೇಳುವುದೂ ಇಲ್ಲ. "ನಮ್ಮ ಕಚೇರಿ ಮುಂದೆ," ಅಂದೆ.

ನನ್ನ ಮುಖ ನೋಡಿದಳು. ಹಾಳೆ ನೋಡಿದಳು. ಮತ್ತೆ ಮುಖ. ಆಮೇಲೆ ಮುದ್ರೆಗೆ ಬಾಯಿಯ ಉಸಿರು ಕೊಟ್ಟು ಠಪ್ಪೆಂದು ಒತ್ತಿದಳು. ನಾಲ್ಕಕ್ಕೆ ಸಹಿಯಾಯಿತು. ಕೊಕ್-ದೊಬೊಗೆ ಮಧ್ಯಾಹ್ನದ ಬಸ್ಸು ನಕ್ಷೆಯಲ್ಲಿ ಉಳಿಯಿತು.

ಆಕೆಗೆ ಗೊತ್ತಾಗಿದೆ. ಗೊತ್ತಾಗಿಯೂ ಯಾಕೆ ಸುಮ್ಮನಿದ್ದಳು? ಯಾರೂ ಏನನ್ನೂ ಸುಮ್ಮನೆ ಮಾಡುವುದಿಲ್ಲ. ಇದರಲ್ಲಿ ಏನೋ ಇದೆ. ನಾಳೆಯಿಂದ ಆಕೆಯ ಮೇಲೆ ಸರಿಯಾಗಿ ಕಣ್ಣಿಡಬೇಕು, ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ.

ಹನ್ನೊಂದೂವರೆಯಿಂದ ಎರಡೂವರೆ ಬಿಟ್ಟು. ಆ ಹೊತ್ತಿನಲ್ಲಿ ನಾನು ಕಚೇರಿಯಲ್ಲಿ ಇರುವುದಿಲ್ಲ.